ಶಿಬಿರ ಮುಗಿದ ಮರುದಿನ: ಮುಂಬಯಿಯಲ್ಲಿ ಆರೋಗ್ಯ ವ್ಯವಸ್ಥೆ ಎಂದರೇನು?

ಮುಂಬಯಿಯ ಕನ್ನಡ ಸಂಘಗಳು, ಸಮುದಾಯದ ಸಂಸ್ಥೆಗಳು, ಭಜನಾ ಮಂಡಳಿಗಳು ವರ್ಷಕ್ಕೊಮ್ಮೆಯಾದರೂ ಉಚಿತ ಆರೋಗ್ಯ ತಪಾಸಣೆ ಶಿಬಿರ ನಡೆಸುವುದು ರೂಢಿ. ಭಾನುವಾರ ಬೆಳಿಗ್ಗೆ ಸಭಾಗೃಹದಲ್ಲಿ ಸಾಲಾಗಿ ಮೇಜುಗಳನ್ನು ಹಾಕಿ, ಒಂದರಲ್ಲಿ ಬಿಪಿ, ಇನ್ನೊಂದರಲ್ಲಿ ಶುಗರ್, ಮತ್ತೊಂದರಲ್ಲಿ ಕಣ್ಣು ನೋಡುತ್ತಾರೆ. ಬೆಳಗಿನ ಐದಕ್ಕೇ ಹೊಟೇಲಿನ ಅಡುಗೆಮನೆಗೆ ಇಳಿಯುವ, ನಲವತ್ತೈದರ ಆಸುಪಾಸಿನ ಕೆಲಸಗಾರರೊಬ್ಬರಿಗೆ ಖಾಲಿ ಹೊಟ್ಟೆಯ ಶುಗರ್ ಇನ್ನೂರು ದಾಟಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ ಎಂದಿಟ್ಟುಕೊಳ್ಳೋಣ. ಕೂಡಲೇ ವೈದ್ಯರನ್ನು ಕಾಣಬೇಕೆಂದು ಚೀಟಿ ಬರೆದುಕೊಡುತ್ತಾರೆ. ಆದರೆ ಸೋಮವಾರ ಅವರು ಯಾರನ್ನು ಕಾಣಬೇಕು, ಕೆಲಸ ಬಿಟ್ಟು ಯಾವ ಹೊತ್ತಿನಲ್ಲಿ ಹೋಗಬೇಕು, ತಿಂಗಳ ಗುಳಿಗೆಗೆ ದುಡ್ಡು ಎಲ್ಲಿಂದ ಬರಬೇಕು, ಮೂರು ತಿಂಗಳ ಮೇಲೆ ಶುಗರ್ ಇಳಿಯಿತೇ ಎಂದು ಕೇಳುವವರು ಯಾರು ಎಂಬುದನ್ನು ಆ ಚೀಟಿ ಹೇಳುವುದಿಲ್ಲ. ಇಂಥ ಪ್ರಶ್ನೆಗಳಿಗೆ ಉತ್ತರ ಸಿಗುವ ಊರಿನಲ್ಲಿ ಆರೋಗ್ಯ ವ್ಯವಸ್ಥೆ ಇದೆ ಎನ್ನಬಹುದು. ಸಿಗದ ಊರಿನಲ್ಲಿ ಆಸ್ಪತ್ರೆಗಳಿದ್ದರೂ ಅವುಗಳ ನಡುವೆ ದಾರಿ ಇರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಆರೋಗ್ಯ ವ್ಯವಸ್ಥೆಯನ್ನು ಆರು ಅಂಗಗಳಾಗಿ ವಿಂಗಡಿಸಿ ತೋರಿಸಿತು: ಜನರಿಗೆ ತಲುಪುವ ಸೇವೆ, ಸಿಬ್ಬಂದಿ, ಮಾಹಿತಿ, ಔಷಧ–ಲಸಿಕೆ–ಉಪಕರಣ, ಹಣಕಾಸು ಮತ್ತು ಆಡಳಿತ. ನಮ್ಮ ಹೊಟೇಲುಗಳನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಕೈರುಚಿ ಇರುವ ಭಟ್ಟರೊಬ್ಬರು ಸಿಕ್ಕ ಮಾತ್ರಕ್ಕೆ ಹೊಟೇಲು ನಡೆಯುವುದಿಲ್ಲ, ದಿನಸಿ ಹೊತ್ತಿಗೆ ಬರಬೇಕು, ಗಲ್ಲಾದ ಲೆಕ್ಕ ಸರಿ ಇರಬೇಕು, ಇವನ್ನೆಲ್ಲ ನೋಡಿಕೊಳ್ಳುವ ಮ್ಯಾನೇಜರ್ ಇರಬೇಕು. ಆರೋಗ್ಯ ವ್ಯವಸ್ಥೆಯನ್ನು ಬಲಪಡಿಸುವುದು ಎಂದರೆ ಈ ಆರೂ ಅಂಗಗಳು ಒಂದಕ್ಕೊಂದು ಹೊಂದಿಕೊಂಡು ನಡೆಯುವಂತೆ ಮಾಡುವುದು. ಒಂದನ್ನೇ ಹಿಗ್ಗಿಸಿ ಉಳಿದವನ್ನು ಮರೆತರೆ ಫಲ ಸಿಗುವುದಿಲ್ಲ. ಅಭಿವೃದ್ಧಿಶೀಲ ದೇಶಗಳಲ್ಲಿ ಸಾಮಾನ್ಯವಾಗಿ ಹಿಗ್ಗುವುದು ಕಟ್ಟಡ, ಏಕೆಂದರೆ ಉದ್ಘಾಟನೆಯ ರಿಬ್ಬನ್ ಕತ್ತರಿಸಲು ಕಟ್ಟಡವೇ ಬೇಕು. ಔಷಧದ ದಾಸ್ತಾನು ಪುಸ್ತಕಕ್ಕೆ ಯಾರೂ ರಿಬ್ಬನ್ ಕಟ್ಟುವುದಿಲ್ಲ.

ದೊಡ್ಡ ಆಸ್ಪತ್ರೆಗಳ ವಿಷಯದಲ್ಲಿ ಮುಂಬಯಿ ಬಡ ನಗರವಲ್ಲ. ಬೈಕಲಾ ಬಳಿಯ ನಾಯರ್ ಆಸ್ಪತ್ರೆ 1921ರದು. ಪರೇಲಿನ ಕೆಇಎಂ 1926ರಲ್ಲಿ ತೆರೆಯಿತು. ಅದಕ್ಕೆ ಸೇರಿದ ಕಾಲೇಜಿಗೆ ಹಣ ಕೊಟ್ಟ ಸೇಠ್ ಗೋರ್ಧನದಾಸ್ ಸುಂದರದಾಸರ ಕಡೆಯವರು, ಅಲ್ಲಿ ಅರ್ಹ ಭಾರತೀಯರನ್ನೇ ನೇಮಿಸಬೇಕೆಂದು ಷರತ್ತು ಹಾಕಿದ್ದರು. ಸಯನ್ ಆಸ್ಪತ್ರೆಯೂ ಸೇರಿ ಇವೆಲ್ಲ ಮಹಾನಗರ ಪಾಲಿಕೆಯವು. ನಗರಾಡಳಿತವೊಂದು ವೈದ್ಯಕೀಯ ಕಾಲೇಜುಗಳನ್ನೇ ನಡೆಸುವುದು ದೇಶದಲ್ಲಿ ಅಪರೂಪ. ಇವುಗಳ ಕೆಳಗೆ ಉಪನಗರಗಳ ಆಸ್ಪತ್ರೆಗಳು, ಹೆರಿಗೆ ಆಸ್ಪತ್ರೆಗಳು, ದವಾಖಾನೆಗಳು, ತೀರಾ ಕೆಳಗೆ ಗಲ್ಲಿಯ ಮಟ್ಟದ ಹೆಲ್ತ್ ಪೋಸ್ಟ್‌ಗಳು ಇವೆ. ಕಾಗದದ ಮೇಲೆ ಇದು ಅಂದವಾದ ಮೆಟ್ಟಿಲು. ನಡೆಯುವುದು ಮಾತ್ರ ಬೇರೆ: ಜ್ವರ, ಕೆಮ್ಮು, ಬಿಪಿ ಗುಳಿಗೆಗೂ ಜನ ನೇರವಾಗಿ ಕೆಇಎಂ ಅಥವಾ ಸಯನಿಗೆ ಹೋಗಿ ಕೇಸ್ ಪೇಪರಿನ ಸಾಲಿನಲ್ಲಿ ನಿಲ್ಲುತ್ತಾರೆ. ಹೃದಯದ ಶಸ್ತ್ರಚಿಕಿತ್ಸೆಗೆಂದು ಸಾತಾರಾ, ರತ್ನಾಗಿರಿ, ಕಲಬುರಗಿಯಿಂದ ಬಂದವರೂ, ಪಕ್ಕದ ಗಲ್ಲಿಯಿಂದ ನೆಗಡಿಗೆಂದು ಬಂದವರೂ ಒಂದೇ ಓಪಿಡಿಯ ಮುಂದೆ ಕುಳಿತಾಗ ವೈದ್ಯರು ಇಬ್ಬರಿಗೂ ಕೊಡಬಲ್ಲದ್ದು ಒಂದೆರಡು ನಿಮಿಷ.

ಇದರಲ್ಲಿ ಜನರ ತಪ್ಪು ಹುಡುಕುವುದು ಸುಲಭ, ಆದರೆ ಸರಿಯಲ್ಲ. ಬೆಳಿಗ್ಗೆ ತೆರೆದು ಸಂಜೆಯೊಳಗೆ ಬಾಗಿಲು ಹಾಕುವ ದವಾಖಾನೆ, ಆ ಹೊತ್ತಿನಲ್ಲೇ ಸಂಬಳ ದುಡಿಯುವ ಮನುಷ್ಯನಿಗೆ ಇದ್ದೂ ಇಲ್ಲದಂತೆ. ಒಮ್ಮೆ ಹೋದಾಗ ವೈದ್ಯರಿಲ್ಲ, ಇನ್ನೊಮ್ಮೆ ಗುಳಿಗೆ ಇಲ್ಲ ಎಂದಾದರೆ ಮೂರನೆಯ ಸಲ ಯಾರೂ ಹೋಗುವುದಿಲ್ಲ. 2022ರಲ್ಲಿ ಪಾಲಿಕೆ ಆರಂಭಿಸಿದ ಬಾಳಾಸಾಹೇಬ್ ಠಾಕ್ರೆ ಹೆಸರಿನ 'ಆಪಲಾ ದವಾಖಾನಾ'ಗಳು ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ, ನಡುವೆ ಒಂದು ಗಂಟೆ ಬಿಡುವಿನೊಂದಿಗೆ, ಎರಡು ಪಾಳಿಯಲ್ಲಿ ತೆರೆದಿರುವಂತೆ ಯೋಜಿಸಿದ್ದರ ಹಿಂದೆ ಈ ಅರಿವು ಇದೆ. ಯಾವ ರಾಜಕೀಯ ಹೆಸರಿನಲ್ಲಿ ಬಂದರೂ, ಸಮಯ ಬದಲಿಸಿದ್ದು ಈ ಯೋಜನೆಯ ನಿಜವಾದ ಸುಧಾರಣೆ ಎಂಬುದು ನನ್ನ ಎಣಿಕೆ. ಗೋಡೆಗೆ ಬಳಿದ ಬಣ್ಣವಲ್ಲ.

ನಗರಗಳ ಪ್ರಾಥಮಿಕ ಆರೋಗ್ಯ ಸೇವೆ ಇಷ್ಟು ತಡವಾಗಿ ಗಮನಕ್ಕೆ ಬರಲು ಕಾರಣವಿದೆ. 1946ರ ಭೋರ್ ಸಮಿತಿಯ ವರದಿಯಿಂದ ಮೊದಲ್ಗೊಂಡು ನಮ್ಮ ಆರೋಗ್ಯ ಯೋಜನೆಗಳ ಕಣ್ಣು ಹಳ್ಳಿಯ ಮೇಲಿತ್ತು, ಅದು ನ್ಯಾಯವೂ ಆಗಿತ್ತು. ಗ್ರಾಮೀಣ ಭಾಗಕ್ಕೆ ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ, ಸಮುದಾಯ ಆರೋಗ್ಯ ಕೇಂದ್ರ ಎಂಬ ಹಂತಗಳು ಬಂದವು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನವೂ ಆಶಾ ಕಾರ್ಯಕರ್ತೆಯರೂ ಬಂದರು. ನಗರಗಳಲ್ಲಿ ಆಸ್ಪತ್ರೆಗಳಿವೆಯಲ್ಲ ಎಂಬ ಭಾವನೆಯಿಂದ ನಗರ ಆರೋಗ್ಯ ಅಭಿಯಾನ 2013ರವರೆಗೆ ಕಾಯಬೇಕಾಯಿತು. ಅದರ ಪ್ರಕಾರ ಸುಮಾರು 50,000 ಜನರಿಗೆ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು. ಒಂದು ಜಾಗದ ಬಾಡಿಗೆಯೇ ವೈದ್ಯರ ಸಂಬಳವನ್ನು ಮೀರಿಸುವ ಮುಂಬಯಿಯಲ್ಲಿ ಈ ಲೆಕ್ಕ ತುಂಬುವುದು ಎಷ್ಟು ಕಷ್ಟವೆಂದು ಇಲ್ಲಿ ಖೋಲಿ ಹುಡುಕಿದವರಿಗೆ ವಿವರಿಸಬೇಕಾಗಿಲ್ಲ.

ವ್ಯವಸ್ಥೆಯ ಬಿರುಕುಗಳನ್ನು ಒಂದೇ ಕಾಯಿಲೆಯ ಮೂಲಕ ನೋಡಬೇಕೆಂದರೆ ಈ ನಗರದಲ್ಲಿ ಅದು ಟಿಬಿ. ಸಾಮಾನ್ಯ ಟಿಬಿಗೆ ಔಷಧವಿದೆ, ಅದು ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತದೆ, ಆರು ತಿಂಗಳು ತಪ್ಪದೆ ತೆಗೆದುಕೊಂಡರೆ ಹೆಚ್ಚಿನವರು ಗುಣವಾಗುತ್ತಾರೆ. ಇಷ್ಟು ಸರಳವಾದ ಸಂಗತಿ ಇಷ್ಟು ಜಟಿಲವಾದದ್ದು ಹೇಗೆ? ಕಟ್ಟಡ ಕೆಲಸಕ್ಕೆ ಬಂದ ಯುವಕನೊಬ್ಬನಿಗೆ ಎರಡು ವಾರ ದಾಟಿಯೂ ಕೆಮ್ಮು ನಿಲ್ಲುವುದಿಲ್ಲ. ಅವನು ಮೊದಲು ಹೋಗುವುದು ಮೆಡಿಕಲ್ ಅಂಗಡಿಗೆ. ಕೆಮ್ಮಿನ ಔಷಧ ಸಿಗುತ್ತದೆ. ಆಮೇಲೆ ಗಲ್ಲಿಯ ಡಾಕ್ಟರ ಬಳಿಗೆ. ಇಂಜೆಕ್ಷನ್ ಮತ್ತು ಐದು ದಿನದ ಆ್ಯಂಟಿಬಯಾಟಿಕ್. ಕೆಮ್ಮು ತುಸು ತಗ್ಗಿ ಮತ್ತೆ ಮರುಕಳಿಸಿದಾಗ ಇನ್ನೊಬ್ಬ ಡಾಕ್ಟರು, ಎಕ್ಸ್‌ರೇ, ಮತ್ತಷ್ಟು ಖರ್ಚು. ಕಫದ ಪರೀಕ್ಷೆಯಾಗಿ ಟಿಬಿ ಎಂದು ಗೊತ್ತಾಗುವ ಹೊತ್ತಿಗೆ ವಾರಗಳು ಕಳೆದಿರುತ್ತವೆ, ಅಷ್ಟು ದಿನ ಹತ್ತು ಜನ ಮಲಗುವ ಒಂದೇ ಖೋಲಿಯಲ್ಲಿ ಅವನೂ ಮಲಗಿರುತ್ತಾನೆ.

ಈ ಗಲ್ಲಿಯ ವೈದ್ಯರನ್ನು ವ್ಯವಸ್ಥೆಯ ಹೊರಗಿನವರೆಂದು ದಶಕಗಳ ಕಾಲ ಪಕ್ಕಕ್ಕಿಟ್ಟದ್ದರ ಬೆಲೆ ದೊಡ್ಡದು. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮುಂಬಯಿಯ ಕೊಳೆಗೇರಿ ಪ್ರದೇಶದ 100 ಖಾಸಗಿ ವೈದ್ಯರಿಗೆ ಟಿಬಿಗೆ ಏನು ಬರೆದುಕೊಡುವಿರಿ ಎಂದು ಕೇಳಿದಾಗ 80 ಬಗೆಯ ಔಷಧ ಕ್ರಮಗಳು ಬಂದವು. ಸುಮಾರು ಎರಡು ದಶಕಗಳ ಬಳಿಕ, 2010ರಲ್ಲಿ, ಇದೇ ನಗರದ 106 ವೈದ್ಯರನ್ನು ಕೇಳಿದಾಗ 63 ಬಗೆಗಳು ಬಂದವು. ಸರಿಯಾದ ಕ್ರಮವನ್ನು ಬರೆದವರು ಆರೇ ಮಂದಿ. ತಪ್ಪು ಔಷಧ, ಕಡಿಮೆ ಪ್ರಮಾಣ, ಅರ್ಧಕ್ಕೆ ನಿಂತ ಚಿಕಿತ್ಸೆ, ಇವೆಲ್ಲ ಸೇರಿ ಔಷಧಕ್ಕೆ ಬಗ್ಗದ ಟಿಬಿಯನ್ನು ಬೆಳೆಸಿದವು. 2011ರ ಕೊನೆಯಲ್ಲಿ ಹಿಂದುಜಾ ಆಸ್ಪತ್ರೆಯ ಡಾ. ಝರೀರ್ ಉದ್ವಾಡಿಯಾ ಮತ್ತು ಸಹೋದ್ಯೋಗಿಗಳು, ಪರೀಕ್ಷಿಸಿದ ಯಾವ ಔಷಧಕ್ಕೂ ಮಣಿಯದ ಟಿಬಿಯ ಪ್ರಕರಣಗಳನ್ನು 'ಸಂಪೂರ್ಣ ಔಷಧ ನಿರೋಧಕ ಟಿಬಿ' ಎಂಬ ಹೆಸರಿನಲ್ಲಿ ವರದಿ ಮಾಡಿದಾಗ ಜಗತ್ತು ಮುಂಬಯಿಯತ್ತ ತಿರುಗಿತು. ಆ ಹೆಸರಿನ ಬಗ್ಗೆ ಸರ್ಕಾರ ತಕರಾರು ಎತ್ತಿತು, ಆದರೆ ಆ ರೋಗಿಗಳು ಇದ್ದದ್ದು ನಿಜ.

ಆಮೇಲೆ ಆದ ಬದಲಾವಣೆಗಳನ್ನು ಗಮನಿಸಬೇಕು, ಏಕೆಂದರೆ ವ್ಯವಸ್ಥೆ ಬಲಗೊಳ್ಳುವ ಬಗೆ ಅಲ್ಲಿ ಕಾಣುತ್ತದೆ. 2012ರಲ್ಲಿ ಟಿಬಿ ರೋಗಿಯ ಮಾಹಿತಿಯನ್ನು ಸರ್ಕಾರಕ್ಕೆ ತಿಳಿಸುವುದು ಖಾಸಗಿ ವೈದ್ಯರಿಗೂ ಕಡ್ಡಾಯವಾಯಿತು, 'ನಿಕ್ಷಯ್' ಎಂಬ ಗಣಕೀಕೃತ ದಾಖಲೆ ಬಂತು. ಗಂಟೆಗಳಲ್ಲೇ ಟಿಬಿಯನ್ನೂ, ಟಿಬಿಯ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೆಯೇ ಎಂಬುದನ್ನೂ ಹೇಳುವ ಯಂತ್ರಗಳು ನಗರಕ್ಕೆ ಬಂದವು. 2014ರಿಂದ ಮುಂಬಯಿಯಲ್ಲಿ ಖಾಸಗಿ ವೈದ್ಯರನ್ನು, ಪ್ರಯೋಗಾಲಯಗಳನ್ನು, ಮೆಡಿಕಲ್ ಅಂಗಡಿಗಳನ್ನು ಒಂದೇ ಜಾಲಕ್ಕೆ ತಂದು, ಖಾಸಗಿಯಲ್ಲಿ ತೋರಿಸಿಕೊಂಡ ರೋಗಿಗೂ ಉಚಿತ ಔಷಧ ಸಿಗುವಂತೆ ಮಾಡುವ ಪ್ರಯೋಗ ನಡೆಯಿತು. ರೋಗಿಯನ್ನು ಸರ್ಕಾರಿ ಕೇಂದ್ರಕ್ಕೆ ಎಳೆದು ತರುವ ಬದಲು, ರೋಗಿ ಇರುವಲ್ಲಿಗೆ ಸರಿಯಾದ ಚಿಕಿತ್ಸೆಯನ್ನು ತಲುಪಿಸುವ ಈ ಯೋಚನೆ ನಮ್ಮಂಥ ದೇಶಕ್ಕೆ ಹೆಚ್ಚು ಹೊಂದುತ್ತದೆ. 2018ರಿಂದ ಪೌಷ್ಟಿಕ ಆಹಾರಕ್ಕೆಂದು ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಬರತೊಡಗಿತು, 2024ರ ನವೆಂಬರಿನಿಂದ ಅದು 1,000 ಆಯಿತು. ದೊಡ್ಡ ಮೊತ್ತವಲ್ಲ, ಆದರೆ ಟಿಬಿ ಹಸಿವಿನ ಕಾಯಿಲೆಯೂ ಹೌದೆಂದು ಖಜಾನೆ ಒಪ್ಪಿಕೊಂಡಂತಾಯಿತು. 2025ರೊಳಗೆ ಟಿಬಿ ತೊಲಗಿಸುವ ಗುರಿಯನ್ನು ದೇಶ ಮುಟ್ಟಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಊರಿಗೆ ಹೋಗಿ ಬರುವ ನಮ್ಮವರಿಗೆ ಈ ಕತೆಯಲ್ಲಿ ಇನ್ನೊಂದು ಎಳೆ ಇದೆ. ಜಾತ್ರೆ, ಮದುವೆ, ಬಿತ್ತನೆ ಎಂದು ಇಲ್ಲಿಂದ ವಿಜಯಪುರಕ್ಕೋ ಉಡುಪಿಗೋ ಹೊರಟ ರೋಗಿಯ ಔಷಧ ನಡುವೆ ತಪ್ಪಿದರೆ ಚಿಕಿತ್ಸೆ ಕೆಡುತ್ತದೆ. ನಿಕ್ಷಯ್ ದಾಖಲೆಯ ಸಂಖ್ಯೆ ಕೈಯಲ್ಲಿದ್ದರೆ ಆ ಊರಿನ ಸರ್ಕಾರಿ ಕೇಂದ್ರಕ್ಕೆ ಚಿಕಿತ್ಸೆಯನ್ನು ವರ್ಗಾಯಿಸಬಹುದು. ಹೊರಡುವ ಮುಂಚೆ ಇಲ್ಲಿನ ಟಿಬಿ ಕೇಂದ್ರದಲ್ಲಿ ಹೇಳಿ ಹೋಗಬೇಕು ಎಂಬುದನ್ನು ಮರಾಠಿಯೋ ಹಿಂದಿಯೋ ಸರಿಯಾಗಿ ಬಾರದ, ಹೊಸದಾಗಿ ಬಂದ ಕಾರ್ಮಿಕನಿಗೆ ಕನ್ನಡದಲ್ಲಿ ಯಾರಾದರೂ ಹೇಳಿದ್ದಾರೆಯೇ ಎಂಬುದು ಬೇರೆ ಮಾತು.

ಟಿಬಿಗೆ ಆರು ತಿಂಗಳಾದರೆ, ಬಿಪಿ ಮತ್ತು ಶುಗರಿಗೆ ಆಯುಷ್ಯಪೂರ್ತಿ ಗುಳಿಗೆ. ಇಲ್ಲಿ ಚಿಕಿತ್ಸೆ ನಿಂತಿರುವುದು ತಜ್ಞತೆಗಿಂತ ದಾಸ್ತಾನಿನ ಮೇಲೆ. ಬಿಪಿಯ ಆಮ್ಲೋಡಿಪಿನ್, ಶುಗರಿನ ಮೆಟ್‌ಫಾರ್ಮಿನ್ ಅಗ್ಗದ ಔಷಧಗಳು. ಆದರೂ ದವಾಖಾನೆಯಲ್ಲಿ ವಾರದ ಗುಳಿಗೆ ಮಾತ್ರ ಕೊಟ್ಟು ಮತ್ತೆ ಬರಲು ಹೇಳಿದರೆ, ದಿನಗೂಲಿಯವರಿಗೆ ಪ್ರತಿ ಭೇಟಿಯೂ ಒಂದು ದಿನದ ದುಡಿಮೆಯ ನಷ್ಟ. 2017ರ ಕೊನೆಯಲ್ಲಿ ಮಹಾರಾಷ್ಟ್ರವೂ ಸೇರಿದಂತೆ ಐದು ರಾಜ್ಯಗಳಲ್ಲಿ ಶುರುವಾದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಮಾಡಿದ್ದು ಬಹಳ ಸಾದಾ ಕೆಲಸಗಳನ್ನು: ಎಲ್ಲ ವೈದ್ಯರಿಗೂ ಒಂದೇ ಸರಳ ಔಷಧ ಕ್ರಮ, ತಿಂಗಳಿಗೆ ಸಾಕಾಗುವಷ್ಟು ಗುಳಿಗೆ ಒಮ್ಮೆಗೇ, ನರ್ಸುಗಳಿಂದ ಬಿಪಿ ತಪಾಸಣೆ, ಬರಬೇಕಾದ ದಿನ ಬಾರದವರಿಗೆ ಫೋನ್. ಔಷಧ ಖರೀದಿಯ ವಿಷಯದಲ್ಲಿ ತಮಿಳುನಾಡು 1994ರಲ್ಲೇ ಪ್ರತ್ಯೇಕ ನಿಗಮ ಸ್ಥಾಪಿಸಿ, ಒಟ್ಟಿಗೆ ಕೊಂಡು, ಗುಣಮಟ್ಟ ಪರೀಕ್ಷಿಸಿ, ಪ್ರತಿ ಆಸ್ಪತ್ರೆಗೂ ಅದರ ಪಾಲಿನ ಔಷಧದ ಲೆಕ್ಕವಿರುವ ಪಾಸ್‌ಬುಕ್ ಕೊಟ್ಟು ಗೋದಾಮುಗಳಿಂದ ಹಂಚುವ ಪದ್ಧತಿ ತಂದಿತು. ಮಹಾರಾಷ್ಟ್ರ ಇಂಥದ್ದೊಂದು ಪ್ರಾಧಿಕಾರಕ್ಕೆ ಕಾನೂನು ಮಾಡಿದ್ದು 2023ರಲ್ಲಿ.

ಮಾಹಿತಿ ಎಂಬ ಅಂಗ ಎಷ್ಟು ಮುಖ್ಯವೆಂದು ಮುಂಬಯಿಯ ಉಪನಗರ ಗೋವಂಡಿ ತೋರಿಸಿತು. ಕೋವಿಡ್ ಕಾಲದಲ್ಲಿ ನಿತ್ಯದ ಲಸಿಕೆ ಕಾರ್ಯಕ್ರಮ ಕುಂಟಿತು. ಮನೆ ಬದಲಿಸಿದ, ಊರಿಗೆ ಹೋಗಿ ಬಂದ ಎಷ್ಟೋ ಮಕ್ಕಳ ಹೆಸರು ಯಾವ ರಿಜಿಸ್ಟರಿನಲ್ಲೂ ಉಳಿಯಲಿಲ್ಲ. 2022ರ ಅಕ್ಟೋಬರ್–ನವೆಂಬರಿನಲ್ಲಿ ಗೋವಂಡಿಯ ಇಕ್ಕಟ್ಟಾದ ವಸತಿಗಳಲ್ಲಿ ದಡಾರ ಹರಡಿತು, ಮಕ್ಕಳು ಸತ್ತರು. ದಡಾರ ತೀರಾ ಅಂಟುವ ರೋಗವಾದ್ದರಿಂದ ನೂರಕ್ಕೆ ತೊಂಬತ್ತೈದು ಮಕ್ಕಳಿಗೆ ಎರಡೂ ಡೋಸ್ ಬಿದ್ದಿರಬೇಕು. ಇಡೀ ನಗರದ ಸರಾಸರಿ ಚೆನ್ನಾಗಿದ್ದರೂ ನಾಲ್ಕು ಗಲ್ಲಿಗಳಲ್ಲಿ ಕಡಿಮೆಯಿದ್ದರೆ ರೋಗಕ್ಕೆ ಅಷ್ಟು ಸಾಕು. ಆ ನಾಲ್ಕು ಗಲ್ಲಿ ಯಾವುವೆಂದು ಗೊತ್ತಿರುವವರು ಮನೆಮನೆಗೆ ಹೋಗುವ ಆರೋಗ್ಯ ಸೇವಿಕೆಯರು. ಮುಂಬಯಿಯಲ್ಲಿ ಸಂಬಳವೆನ್ನದೆ ಗೌರವಧನವೆಂದು ಕರೆದು ಇವರಿಂದ ಕೆಲಸ ಮಾಡಿಸಿಕೊಳ್ಳುವ ಪದ್ಧತಿ ಬಹಳ ಹಳೆಯದು, ಅದರ ವಿರುದ್ಧ ಅವರು ಆಜಾದ್ ಮೈದಾನಿನಲ್ಲಿ ಕುಳಿತದ್ದೂ ಹಳೆಯ ಸುದ್ದಿ. ಇಡೀ ವ್ಯವಸ್ಥೆಗೆ ಕಣ್ಣಾಗಿರುವವರನ್ನೇ ಸ್ವಯಂಸೇವಕಿಯರೆಂದು ಕರೆಯುವುದು ಉಳಿತಾಯವಲ್ಲ.

ಆರು ಅಂಗಗಳ ಪಟ್ಟಿಯಲ್ಲಿ ಇಲ್ಲದ ಒಂದು ಸಂಗತಿ ನಂಬಿಕೆ. ಇದರ ಪಾಠ ಈ ನಗರದ ಚರಿತ್ರೆಯಲ್ಲೇ ಎರಡು ಸಲ ನಡೆದಿದೆ. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಡಾ. ಅಕಾಸಿಯೊ ವಿಯೇಗಸ್ ಪ್ಲೇಗನ್ನು ಗುರುತಿಸಿದರು. ಆಡಳಿತ ಹಿಡಿದದ್ದು ಬಲವಂತದ ದಾರಿ: ಮನೆಗೆ ನುಗ್ಗಿ ಶೋಧನೆ, ರೋಗಿಗಳನ್ನು ಎಳೆದೊಯ್ಯುವುದು, ಸಾಮಾನು ಸುಡುವುದು. ಅಕ್ಟೋಬರಿನಲ್ಲಿ ಗಿರಣಿ ಕಾರ್ಮಿಕರ ಗುಂಪು ಆರ್ಥರ್ ರೋಡಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೇ ನುಗ್ಗಿತು. ಲಕ್ಷಾಂತರ ಜನ ನಗರ ಬಿಟ್ಟು ಓಡಿದರು, ಅವರೊಡನೆ ರೋಗವೂ ಊರೂರಿಗೆ ಹೋಯಿತು. ಪುಣೆಯಲ್ಲಿ ಇದೇ ರೋಷ 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡಾಗಿ ಹಾರಿತು. ಅದೇ ವರ್ಷ ಇದೇ ಮುಂಬಯಿಯಲ್ಲಿ ವಿಜ್ಞಾನಿ ಹಾಫ್‌ಕಿನ್ ಪ್ಲೇಗ್ ಲಸಿಕೆಯನ್ನು ಸಿದ್ಧಪಡಿಸಿ ಮೊದಲು ತನ್ನ ಮೇಲೆಯೇ ಪ್ರಯೋಗಿಸಿಕೊಂಡಿದ್ದರು. ವಿಜ್ಞಾನ ಕೈಯಲ್ಲಿತ್ತು, ಜನ ಜೊತೆಗಿರಲಿಲ್ಲ.

2020ರ ಏಪ್ರಿಲ್ ಮೊದಲ ದಿನ ಧಾರಾವಿಯಲ್ಲಿ ಮೊದಲ ಕೋವಿಡ್ ಪ್ರಕರಣ ಕಂಡಾಗ, ಸುಮಾರು ಎರಡೂವರೆ ಚದರ ಕಿಲೋಮೀಟರಿನಲ್ಲಿ ಲಕ್ಷಾಂತರ ಜನ ಸಾರ್ವಜನಿಕ ಶೌಚಾಲಯಗಳನ್ನು ಹಂಚಿಕೊಂಡು ಬದುಕುವಲ್ಲಿ ಏನಾದೀತೋ ಎಂದು ಎಲ್ಲರೂ ಹೆದರಿದ್ದರು. ಪಾಲಿಕೆ ಅಲ್ಲಿನ ಖಾಸಗಿ ವೈದ್ಯರನ್ನೇ ಜೊತೆಗೆ ಕರೆದುಕೊಂಡಿತು. ವರ್ಷಗಟ್ಟಲೆ ಆ ಜನರ ಜ್ವರ ನೋಡಿದ ಡಾಕ್ಟರೇ ರಕ್ಷಣಾ ಉಡುಪು ತೊಟ್ಟು ಬಾಗಿಲಿಗೆ ಬಂದಾಗ ಜನ ಬಾಗಿಲು ತೆರೆದರು. ಶಾಲೆ, ಮದುವೆ ಹಾಲುಗಳು ಪ್ರತ್ಯೇಕ ವಾಸದ ಕೇಂದ್ರಗಳಾದವು, ಅಲ್ಲಿ ಊಟ ಕೊಟ್ಟರು. ನಗರದ 24 ವಾರ್ಡುಗಳಿಗೂ ಒಂದೊಂದು ವಾರ್‌ರೂಮ್ ಮಾಡಿ, ಪರೀಕ್ಷೆಯ ಫಲಿತಾಂಶ ಮೊದಲು ಅಲ್ಲಿಗೆ ಬಂದು, ಅಲ್ಲಿಂದಲೇ ರೋಗಿಗೆ ಫೋನ್ ಹೋಗಿ ಹಾಸಿಗೆ ನಿಗದಿಯಾಗುವ ಏರ್ಪಾಡಾಯಿತು. 2020ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಧಾರಾವಿಯನ್ನು ಹೆಸರಿಸಿ ಮೆಚ್ಚಿದರು. ಆ ಅಲೆಯಲ್ಲಿ ಸಾವುಗಳಾಗಲಿಲ್ಲವೆಂದಲ್ಲ, ಬಹಳ ಆದವು. ಆದರೆ ಪಾಲಿಕೆ ಮತ್ತು ಗಲ್ಲಿಯ ವೈದ್ಯರ ನಡುವಣ ಆ ನಂಟು ಸಾಂಕ್ರಾಮಿಕದ ನಂತರ ಬಿಪಿಗೆ, ಶುಗರಿಗೆ, ಟಿಬಿಗೆ ಅದೇ ಬಿಗಿಯಲ್ಲಿ ಮುಂದುವರಿಯಲಿಲ್ಲ ಎಂಬುದು ನನಗೆ ಹೆಚ್ಚು ಕಾಡುವ ಸಂಗತಿ.

ಹಣದ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಸರ್ಕಾರದ ಲೆಕ್ಕದಂತೆ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಸ್ವಂತ ಜೇಬಿನಿಂದ ಕೊಡುವ ಪಾಲು 2013–14ರಲ್ಲಿ ಶೇ. 64.2 ಇದ್ದದ್ದು 2021–22ರಲ್ಲಿ ಶೇ. 39.4ಕ್ಕೆ ಇಳಿದಿದೆ, ಲೆಕ್ಕ ಹಾಕಿದ ಬಗೆಯ ಕುರಿತು ಅರ್ಥಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಆರೋಗ್ಯಕ್ಕೆ ಸರ್ಕಾರಗಳು ಮಾಡುವ ವೆಚ್ಚ ಅದೇ ವರ್ಷ ಒಟ್ಟು ದೇಶೀಯ ಉತ್ಪನ್ನದ ಶೇ. 1.84, 2017ರ ರಾಷ್ಟ್ರೀಯ ಆರೋಗ್ಯ ನೀತಿಯ ಗುರಿ 2025ಕ್ಕೆ ಶೇ. 2.5. ಆಯುಷ್ಮಾನ್ ಭಾರತ್ ವಿಮೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಖರ್ಚು ಭರಿಸುತ್ತದೆ, ಆದರೆ ದಾಖಲಾದಾಗ ಮಾತ್ರ. ತಿಂಗಳ ಗುಳಿಗೆ, ರಕ್ತಪರೀಕ್ಷೆ, ಓಪಿಡಿಯ ಖರ್ಚು ಅದರಲ್ಲಿ ಬರುವುದಿಲ್ಲ. ಹೀಗಾಗಿ ಗುಳಿಗೆಗೆ ದುಡ್ಡಿಲ್ಲದೆ ಕಿಡ್ನಿ ಕೆಟ್ಟ ಮೇಲೆ ಅದರ ಚಿಕಿತ್ಸೆಗೆ ವಿಮೆ ಸಿಗುವ ವಿಚಿತ್ರ ಪರಿಸ್ಥಿತಿ. ಥಾಯ್ಲೆಂಡ್ 2001–02ರಲ್ಲಿ 30 ಬಾಟ್ (ಅಲ್ಲಿನ ಹಣ) ಶುಲ್ಕದ ಯೋಜನೆಯಿಂದ ಎಲ್ಲರಿಗೂ ಚಿಕಿತ್ಸೆ ಕೊಡಬಲ್ಲದ್ದಾಯಿತು, ಏಕೆಂದರೆ ಅದಕ್ಕೂ ಮುಂಚೆ ದಶಕಗಳ ಕಾಲ ಜಿಲ್ಲೆ, ಹಳ್ಳಿಗಳಲ್ಲಿ ಆಸ್ಪತ್ರೆ ಮತ್ತು ಸಿಬ್ಬಂದಿಯನ್ನು ಬೆಳೆಸಿತ್ತು.

ಉಳಿದದ್ದು ಆಡಳಿತ. 2022ರ ಮಾರ್ಚಿನಲ್ಲಿ ಅವಧಿ ಮುಗಿದ ಮೇಲೆ ಮುಂಬಯಿ ಪಾಲಿಕೆ ವರ್ಷಗಟ್ಟಲೆ ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿಯ ಕೈಯಲ್ಲಿ ನಡೆಯಿತು. ಆ ಅವಧಿಯಲ್ಲಿ ವಾರ್ಡಿನ ದವಾಖಾನೆಯಲ್ಲಿ ವೈದ್ಯರಿಲ್ಲವೆಂದು ಸಭೆಯಲ್ಲಿ ಎದ್ದು ಕೇಳಲು ನಗರಸೇವಕರೇ ಇರಲಿಲ್ಲ. ನಗರಸೇವಕರು ಇರಲಿ, ಬಿಡಲಿ, ಕೇಳಬೇಕಾದ ಪ್ರಶ್ನೆಗಳು ಮೂರು: ನಮ್ಮ ವಾರ್ಡಿನ ದವಾಖಾನೆಗಳಲ್ಲಿ ಎಷ್ಟು ಹುದ್ದೆಗಳು ಖಾಲಿ ಇವೆ, ಕಳೆದ ವರ್ಷ ಬಿಪಿ ಮತ್ತು ಶುಗರ್ ಗುಳಿಗೆಗಳು ಎಷ್ಟು ದಿನ ದಾಸ್ತಾನಿನಲ್ಲಿರಲಿಲ್ಲ, ಚಿಕಿತ್ಸೆ ಶುರುವಾದ ರೋಗಿಗಳಲ್ಲಿ ಆರು ತಿಂಗಳ ಮೇಲೂ ಬರುತ್ತಿರುವವರು ಎಷ್ಟು. ಮೂರಕ್ಕೂ ಉತ್ತರ ವಾರ್ಡ್ ಕಚೇರಿಯ ಆರೋಗ್ಯಾಧಿಕಾರಿಯ ದಾಖಲೆಗಳಲ್ಲಿ ಇರಬೇಕಾದದ್ದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದ ಒಂದು ಅರ್ಜಿ ಕೊಟ್ಟರೆ ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕು. ಅಂಥ ದಾಖಲೆಯನ್ನೇ ಇಟ್ಟಿಲ್ಲ ಎಂದು ಬಂದರೆ, ಆ ವಾರ್ಡಿನಲ್ಲಿ ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದು ಆ ಉತ್ತರದಲ್ಲೇ ಇರುತ್ತದೆ.